ಸತ್ಯಾಂಶ: ಜೂಲಿಯಸ್ ಸೀಸರ್ ರೋಮಿನ ಮೊದಲ ಚಕ್ರವರ್ತಿಯಲ್ಲ

‘ಜೂಲಿಯಸ್ ಸೀಸರ್ ರೋಮಿನ ಮೊದಲ ಚಕ್ರವರ್ತಿ, ಸೀಸರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚಕ್ರವರ್ತಿ ಎಂದರ್ಥ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡು ಮಾತುಗಳೂ ತಪ್ಪು.

ಸೀಸರ್ ಎಂಬುದು ಜೂಲಿಯಸ್ ವಂಶದ ಒಂದು ಶಾಖೆಯ ಮನೆತನದ ಹೆಸರು. ಕ್ರಿ.ಪೂ. 44ರಲ್ಲಿ ಹತ್ಯೆಯಾದಾಗ ಜೂಲಿಯಸ್ ಸೀಸರ್ ಹೊಂದಿದ್ದುದು ಆಜೀವ ಸರ್ವಾಧಿಕಾರಿಯ ಪದವಿ. ಆತ ಉಯಿಲಿನ ಮೂಲಕ ದತ್ತು ಪಡೆದ ಆಕ್ಟೇವಿಯನ್‌ನಿಗೆ ಆ ಮನೆತನದ ಹೆಸರು ಬಂದಿತು, ಕ್ರಿ.ಪೂ. 27ರಲ್ಲಿ ಸೆನೆಟ್ ಆತನಿಗೆ ‘ಪೂಜ್ಯ’ ಎಂಬರ್ಥದ ‘ಆಗಸ್ಟಸ್’ ಬಿರುದನ್ನಿತ್ತಿತು. ಇತಿಹಾಸಕಾರರು ಮೊದಲ ಚಕ್ರವರ್ತಿ ಎಂದು ಸಾಮಾನ್ಯವಾಗಿ ಎಣಿಸುವುದು ಈತನನ್ನೇ.

ಆದರೆ, ರಾಜರನ್ನು ಓಡಿಸಿ ಗಣರಾಜ್ಯ ಕಟ್ಟಿದೆವೆಂದು ಹೆಮ್ಮೆಪಡುತ್ತಿದ್ದ ರೋಮನ್ನರಿಗೆ ‘ರೆಕ್ಸ್’, ಅಂದರೆ ರಾಜ, ಎಂಬ ಪದವೇ ಅಸಹ್ಯವಾಗಿತ್ತು. ಹಾಗಾಗಿ ಆಗಸ್ಟಸ್ ತನ್ನನ್ನು ‘ಪ್ರಿನ್ಸೆಪ್ಸ್’, ಅಂದರೆ ಪ್ರಜೆಗಳಲ್ಲಿ ಮೊದಲಿಗ, ಎಂದು ಕರೆದುಕೊಂಡು, ಗಣರಾಜ್ಯದ ಹಳೆಯ ಅಧಿಕಾರಗಳನ್ನೇ ಒಂದೊಂದಾಗಿ ತನ್ನಲ್ಲಿ ಕೂಡಿಸಿಕೊಂಡನು: ಕ್ರಿ.ಪೂ. 23ರಲ್ಲಿ ಜನಸಾಮಾನ್ಯರ ಪ್ರತಿನಿಧಿಗಳಾದ ಟ್ರಿಬ್ಯೂನರ ಅಧಿಕಾರ, ಕ್ರಿ.ಪೂ. 12ರಲ್ಲಿ ಪ್ರಧಾನ ಪುರೋಹಿತನ ಸ್ಥಾನ. ಈ ಜಾಣ್ಮೆಯನ್ನು ಗಮನಿಸದೆ ರೋಮಿನ ಬಿರುದುಗಳು ಅರ್ಥವಾಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಇಂಗ್ಲಿಷಿನ ‘ಎಂಪರರ್’ ಪದದ ಮೂಲವಾದ ‘ಇಂಪೆರಾಟರ್’ ಸಹ ಮೊದಲು ಗೆದ್ದ ಸೇನಾನಿಗೆ ಸೈನಿಕರು ಕೂಗಿ ಕೊಡುತ್ತಿದ್ದ ಗೌರವವಾಗಿತ್ತು.

ಕ್ರಿ.ಶ. 68ರಲ್ಲಿ ಚಕ್ರವರ್ತಿ ನೀರೋನೊಂದಿಗೆ ಆಗಸ್ಟಸ್‌ನ ವಂಶದ ಆಳ್ವಿಕೆ ಮುಗಿದರೂ, ರಕ್ತಸಂಬಂಧವಾಗಲಿ ದತ್ತಕವಾಗಲಿ ಇಲ್ಲದ ಮುಂದಿನ ಚಕ್ರವರ್ತಿ ಗಾಲ್ಬಾ ‘ಸೀಸರ್’ ಎಂದು ಹೆಸರಿಟ್ಟುಕೊಂಡನು. ಮನೆತನದ ಹೆಸರು ಪದವಿಯಾದದ್ದು ಹೀಗೆ. 293ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ರೂಪಿಸಿದ ನಾಲ್ವರ ಆಡಳಿತದಲ್ಲಂತೂ ಹಿರಿಯರಿಬ್ಬರು ಆಗಸ್ಟಸ್, ಕಿರಿಯರಿಬ್ಬರು ಸೀಸರ್. ಜರ್ಮನರ ‘ಕೈಸರ್’, ರಷ್ಯನ್ನರ ‘ತ್ಸಾರ್’, ವಿಕ್ಟೋರಿಯಾ ರಾಣಿಗೆ ಭಾರತದಲ್ಲಿ ಬಳಸಿದ ‘ಕೈಸರ್-ಎ-ಹಿಂದ್’ ಇವೆಲ್ಲ ಆ ಹೆಸರಿನಿಂದಲೇ ಬಂದವು.