ಕನಿಷ್ಠ ವೇತನ ಒಂದೇ ಸಲಕ್ಕೆ ಇಷ್ಟು ಏರಬೇಕೆ? ಪರ – ವಿರೋಧ

ಕರ್ನಾಟಕ ಸರ್ಕಾರ 2025ರ ಏಪ್ರಿಲ್ 11ರ ಕರಡು ಅಧಿಸೂಚನೆಯಲ್ಲಿ ಅಕುಶಲ ಕಾರ್ಮಿಕರಿಗೆ ಮೂರನೇ ವಲಯದಲ್ಲಿ ತಿಂಗಳಿಗೆ 19,319 ರೂಪಾಯಿ, ಎರಡನೇ ವಲಯದಲ್ಲಿ 21,251 ರೂಪಾಯಿ, ಬೆಂಗಳೂರು ಬರುವ ಒಂದನೇ ವಲಯದಲ್ಲಿ 23,376 ರೂಪಾಯಿ ಕನಿಷ್ಠ ವೇತನ ಪ್ರಸ್ತಾಪಿಸಿತು. ಒಂದನೇ ವಲಯದ ಅತಿಕುಶಲರಿಗೆ 31,114 ರೂಪಾಯಿ. ಕೆಲವು ಉದ್ದಿಮೆಗಳಲ್ಲಿ ಇದು ಆಗಿನ ವೇತನದ ಒಂದೂವರೆ ಪಟ್ಟಿಗೂ ಹೆಚ್ಚು. ಇಂಥ ಜಿಗಿತ ಬೇಕೆ?

ಪರ: ಇಲ್ಲಿ ಕನಿಷ್ಠವೇ ಗರಿಷ್ಠ

ಯಾವುದಾದರೂ ಗಾರ್ಮೆಂಟ್ಸ್‌ನ ಸಂಬಳದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹತ್ತು ವರ್ಷದಿಂದ ಕಾಲರ್ ಕೂಡಿಸುತ್ತಿರುವ ಟೈಲರಿಗೂ ಹೋದ ವರ್ಷ ಸೇರಿದವಳಿಗೂ ಇರುವ ಅಂತರ ಕೆಲವು ನೂರು ರೂಪಾಯಿ. ಸರ್ಕಾರ ಗೊತ್ತುಮಾಡಿದ ಅಂಕಿಯ ಮೇಲೆ ಒಂದಿಷ್ಟು ಹಾಜರಾತಿ ಭತ್ಯೆ, ಅಷ್ಟೇ. ಸಂಘ ಕಟ್ಟಿ ಚೌಕಾಶಿ ಮಾಡುವ ಶಕ್ತಿ ಇಲ್ಲದ ಉದ್ದಿಮೆಯಲ್ಲಿ ಅಧಿಸೂಚನೆಯೇ ವೇತನ ಒಪ್ಪಂದ. ಅದು ಏರದಿದ್ದರೆ ಇನ್ಯಾವುದೂ ಏರುವುದಿಲ್ಲ.

ಕೂಲಿ ಏರಿದರೆ ಕೆಲಸ ಹೋಗುತ್ತದೆ ಎನ್ನುವವರು ಕೂಲಿಯನ್ನು ಎಪಿಎಂಸಿಯ ಟೊಮೆಟೊ ದರದಂತೆ ಕಾಣುತ್ತಾರೆ. ಟೊಮೆಟೊಗೆ ಹತ್ತು ಖರೀದಿದಾರರು ಇರುತ್ತಾರೆ. ಮದ್ದೂರಿನ ಹಳ್ಳಿಯಿಂದ ಬೆಳಗ್ಗೆ ಏಳೂವರೆಗೆ ಕಂಪನಿಯ ವ್ಯಾನು ಹತ್ತುವ ಹೆಂಗಸಿಗೆ ಆ ವ್ಯಾನು ಹೋಗುವ ದಾರಿಯಲ್ಲಿರುವ ಒಂದೆರಡು ಕಾರ್ಖಾನೆಗಳೇ ಗತಿ. ಸಂಜೆ ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕು. ಐನೂರು ರೂಪಾಯಿ ಹೆಚ್ಚು ಸಿಗುತ್ತದೆಂದು ಅವಳು ಊರು ಬದಲಿಸಲಾರಳು. ಮಾಲೀಕರಿಗೆ ಇದು ಗೊತ್ತು. ಕೊಳ್ಳುವವರು ಕಡಿಮೆಯಿರುವ ಇಂಥ ಕಡೆ ಕೂಲಿ ಅವಳ ದುಡಿಮೆಯ ಬೆಲೆಗಿಂತ ಕೆಳಗೇ ನಿಲ್ಲುತ್ತದೆ. ಕಾನೂನು ಅದನ್ನು ಎತ್ತಿದರೆ ಕೆಲಸ ಕಡಿಮೆಯಾಗಲೇಬೇಕೆಂದಿಲ್ಲ.

ಇದಕ್ಕೆ ಪುರಾವೆಯೂ ಇದೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ಗಂಟೆಯ ಕನಿಷ್ಠ ಕೂಲಿಯನ್ನು 4.25ರಿಂದ 5.05 ಡಾಲರಿಗೆ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಮತ್ತು ಏರಿಸದ ಪಕ್ಕದ ಪೆನ್ಸಿಲ್ವೇನಿಯಾದ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂದದ್ದು ಇಂಥ ಕೆಲಸಕ್ಕೇ. ಜರ್ಮನಿ 2015ರಲ್ಲಿ ಮೊದಲ ಬಾರಿಗೆ ದೇಶಕ್ಕೆಲ್ಲ ಒಂದೇ ಕನಿಷ್ಠ ಕೂಲಿ, ಗಂಟೆಗೆ 8.50 ಯೂರೊ, ಜಾರಿ ಮಾಡಿದಾಗಲೂ ಭಯಪಟ್ಟಷ್ಟು ಕೆಲಸ ಹೋಗಲಿಲ್ಲ. ಸಣ್ಣ, ದಕ್ಷತೆ ಕಡಿಮೆಯಿದ್ದ ಕಂಪನಿಗಳಿಂದ ಜನ ಉತ್ತಮ ಕಂಪನಿಗಳಿಗೆ ಸರಿದರು.

ಈಗ ನಮ್ಮ ಲೆಕ್ಕಕ್ಕೆ ಬರೋಣ. ಒಂದು ಫಾರ್ಮಲ್ ಶರ್ಟಿಗೆ ಕಾರ್ಖಾನೆ 22 ನಿಮಿಷದ ಎಸ್‌ಎಎಂ (ಒಂದು ಉಡುಪು ಹೊಲಿಯಲು ಗೊತ್ತುಮಾಡಿದ ಸಮಯ) ಕಟ್ಟಿದೆ ಎಂದಿಟ್ಟುಕೊಳ್ಳಿ. ಲೈನಿನ ದಕ್ಷತೆ ಶೇ 55 ಇದ್ದರೆ ನಿಜವಾಗಿ ಹಿಡಿಯುವುದು 40 ನಿಮಿಷ. 26 ದಿನ, ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 12,480 ನಿಮಿಷ. 14,000 ರೂಪಾಯಿ ಸಂಬಳದ ಮೇಲೆ ಮಾಲೀಕರ ಪಾಲಿನ ಪಿ.ಎಫ್. ಶೇ 13 (ವಿಮೆ, ಆಡಳಿತ ವೆಚ್ಚ ಸೇರಿ), ಇ.ಎಸ್.ಐ. (ಕಾರ್ಮಿಕರ ಚಿಕಿತ್ಸಾ ವಿಮೆ) ಶೇ 3.25, ಬೋನಸ್ ಶೇ 8.33, ಗ್ರ್ಯಾಚುಟಿಗೆ (ಕೆಲಸ ಬಿಡುವಾಗ ಕೊಡುವ ಇಡುಗಂಟು) ತೆಗೆದಿಡುವ ಶೇ 4.81 ಸೇರಿಸಿದರೆ ಸುಮಾರು 18,100 ರೂಪಾಯಿ. ನಿಮಿಷಕ್ಕೆ 1.45 ರೂಪಾಯಿ, ಶರ್ಟಿಗೆ 58. ಸಂಬಳ 19,319 ಮಾಡಿ, ಪಿ.ಎಫ್. ಅನ್ನು 15,000ದ ಮಿತಿಗೆ ಕಟ್ಟಿ ಮತ್ತೆ ಲೆಕ್ಕ ಹಾಕಿದರೆ ಶರ್ಟಿಗೆ 78. ಹೆಲ್ಪರ್, ಚೆಕರ್, ಇಸ್ತ್ರಿ, ಪ್ಯಾಕಿಂಗ್‌ನವರ ಏರಿಕೆಯನ್ನೂ ಕೂಡಿಸಿ. ಹೆಚ್ಚುವರಿ 30 ರೂಪಾಯಿ ದಾಟುವುದು ಕಷ್ಟ. ಅದೇ ಶರ್ಟು ಹೊರದೇಶದ ಮಾಲ್‌ನಲ್ಲಿ ಎರಡು ಮೂರು ಸಾವಿರಕ್ಕೆ ಮಾರಾಟವಾಗುತ್ತದೆ. ವಿದೇಶಿ ಬ್ರ್ಯಾಂಡಿನ ಕಾಸ್ಟಿಂಗ್ ಶೀಟಿನಲ್ಲಿ (ವೆಚ್ಚದ ಪಟ್ಟಿ) ‘ನಿಮಿಷದ ದರ’ ಅನ್ನುವ ಕಾಲಂ ತುಂಬುವಾಗ ನೋಡುವುದೇ ಆ ರಾಜ್ಯದ ಕನಿಷ್ಠ ವೇತನವನ್ನು. ಕಾನೂನಿನ ಅಂಕಿ ಏರದೆ ಕಾರ್ಖಾನೆಯವರು ‘ನಮಗೆ ಹೆಚ್ಚು ಕೊಡಿ’ ಎಂದರೆ ಆ ಕಡೆಯಿಂದ ಬರುವ ಪ್ರಶ್ನೆ ‘ಏಕೆ?’.

19,319 ಎಲ್ಲಿಂದ ಬಂತು ಎಂದು ಕೇಳುವವರು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರ ಓದಲಿ. ದುಡಿಯುವವರೊಬ್ಬರಿಗೆ ಮೂರು ಬಳಕೆ ಘಟಕ (ಒಂದು ಘಟಕವೆಂದರೆ ವಯಸ್ಕರೊಬ್ಬರ ಬಳಕೆ), ಪ್ರತಿ ಘಟಕಕ್ಕೆ 2,700 ಕ್ಯಾಲರಿ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ–ದೀಪ ಇತ್ಯಾದಿಗೆ ಶೇ 20. ಅದರ ಮೇಲೆ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆಗೆಂದು ಶೇ 25 ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ರಪ್ಟಕೋಸ್ ಬ್ರೆಟ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಇದರಲ್ಲಿ ಐಷಾರಾಮ ಯಾವುದು, ಯಾರಾದರೂ ತೋರಿಸಲಿ. ಕೇಂದ್ರ ಸರ್ಕಾರದ ವ್ಯಾಪ್ತಿಯ ಅಕುಶಲ ಕೆಲಸಕ್ಕೆ ಬೆಂಗಳೂರಿನಂಥ ‘ಎ’ ವರ್ಗದ ನಗರದಲ್ಲಿ 2024ರ ಅಕ್ಟೋಬರ್‌ನಿಂದಲೇ ದಿನಕ್ಕೆ 783, ತಿಂಗಳಿಗೆ 20,358 ರೂಪಾಯಿ ಇತ್ತು. ಅದೇ ನಗರದಲ್ಲಿ ರಾಜ್ಯದ ವ್ಯಾಪ್ತಿಯ ಹೆಲ್ಪರ್ ಅದಕ್ಕಿಂತ ಎಷ್ಟೋ ಕೆಳಗೆ.

‘ಹಂತಹಂತವಾಗಿ ಏರಿಸಿ’ ಎಂಬ ಸಲಹೆ ಕೇಳಲು ಚೆನ್ನ. ಹಂತಗಳು ಹೇಗೆ ತಪ್ಪುತ್ತವೆ ಎಂಬುದಕ್ಕೆ 2020 ನೆನಪಿರಲಿ. ಏಪ್ರಿಲ್ 1ರಿಂದ ಸಿಗಬೇಕಿದ್ದ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆಯನ್ನು ಸರ್ಕಾರ ಜುಲೈನಲ್ಲಿ ಒಂದು ವರ್ಷ ಮುಂದೂಡಿತು. ಹೈಕೋರ್ಟ್ ತಡೆಯಾಜ್ಞೆ ಕೊಟ್ಟ ಮೇಲೂ ಎಷ್ಟೋ ಕಾರ್ಖಾನೆಗಳು ಹಣ ಕೊಡಲಿಲ್ಲ. ಬಾಕಿ ಕೈಗೆ ಬರಲು ವರ್ಷಕ್ಕೂ ಹೆಚ್ಚು ಹಿಡಿಯಿತು. ವರ್ಷವರ್ಷದ ಸಣ್ಣ ಏರಿಕೆಗೇ ಈ ಗತಿ ಇರುವಾಗ ದೊಡ್ಡ ಜಿಗಿತ ಬೇಕಾಗುವುದು ಹಿಂದಿನ ಬಾಕಿ ತೀರಿಸಲಿಕ್ಕೆ.

ವಿರೋಧ: ಮೂವತ್ತು ರೂಪಾಯಿ ಯಾರ ಜೇಬಿನಿಂದ

ಶರ್ಟಿನ ಲೆಕ್ಕ ಸರಿಯಿದೆ. ಅದನ್ನೇ ಮುಂದುವರಿಸೋಣ. ಆ ಶರ್ಟಿಗೆ ಬ್ರ್ಯಾಂಡ್ ಕಾರ್ಖಾನೆಗೆ ಕೊಡುವುದು ಮಾಲಿನ ಬೆಲೆಯನ್ನಲ್ಲ, ಎಫ್‌ಒಬಿ ದರ, ಅಂದರೆ ಮಾಲನ್ನು ಹಡಗಿಗೆ ಏರಿಸುವವರೆಗಿನ ಬೆಲೆ. 550 ರೂಪಾಯಿ ಎನ್ನಿ. ಅದರಲ್ಲಿ ದೊಡ್ಡ ಪಾಲು ಬಟ್ಟೆಯದು. ಆ ಬಟ್ಟೆಯನ್ನು ಎಷ್ಟೋ ಸಲ ಬ್ರ್ಯಾಂಡ್ ಹೇಳಿದ ಮಿಲ್ಲಿನಿಂದಲೇ ತರಬೇಕು. ಶೇ 5 ಲಾಭ ಉಳಿದರೆ 27 ರೂಪಾಯಿ. ಏರುವ ವೆಚ್ಚವೂ ಸರಿಸುಮಾರು ಅಷ್ಟೇ. ಆರ್ಡರಿನ ದರ ನಿಗದಿಯಾಗುವುದು ಮಾಲು ಹೊರಡುವುದಕ್ಕೆ ತಿಂಗಳುಗಳ ಮುಂಚೆ, ಅಧಿಸೂಚನೆ ಜಾರಿಯಾಗುವುದು ಗೆಜೆಟ್ಟಿನ ದಿನದಿಂದ. ನಡುವಿನ ಸೀಸನ್ನಿನ ನಷ್ಟ ಪೂರ್ತಿ ಕಾರ್ಖಾನೆಯದು. ದೊಡ್ಡ ರಫ್ತುದಾರರು ತಡೆದುಕೊಂಡಾರು. ಪೀಣ್ಯ, ಬೊಮ್ಮನಹಳ್ಳಿಯ ಕಡೆ ಮೂವತ್ತು ಮೆಷಿನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವರಿಗೆ ಬರುವುದೇ ಹೊಲಿಗೆ ದರ. ಆ 58 ರೂಪಾಯಿ ಅವರ ಪಾಲಿಗೆ ಹೆಚ್ಚುಕಡಿಮೆ ಇಡೀ ಆದಾಯ.

ಇಂಥ ಘಟಕ ಬಾಗಿಲು ಹಾಕುವುದು ಸುದ್ದಿಯಾಗುವುದಿಲ್ಲ. ಹೊಲಿಗೆ ಯಂತ್ರ ಉಕ್ಕಿನ ಕುಲುಮೆಯಲ್ಲ. ಟೇಬಲ್ಲಿನಿಂದ ಕಳಚಿ ಲಾರಿಗೆ ಏರಿಸಿದರೆ ಗೌರಿಬಿದನೂರಿನ ಆಚೆ ಹಿಂದೂಪುರ, ಅಲ್ಲಿಗೆ ಆಂಧ್ರ. ಒಡಿಶಾ, ಜಾರ್ಖಂಡ್ ತಮ್ಮ ಜವಳಿ ನೀತಿಯಲ್ಲಿ ಕಾರ್ಮಿಕರ ವೇತನಕ್ಕೇ ಸಬ್ಸಿಡಿ ಇಟ್ಟು ಕರೆದಿವೆ. ಬಾಂಗ್ಲಾದೇಶದಲ್ಲಿ 2023ರ ಡಿಸೆಂಬರ್‌ನ ಪರಿಷ್ಕರಣೆಯ ನಂತರವೂ ಗಾರ್ಮೆಂಟ್ ಕನಿಷ್ಠ ವೇತನ 12,500 ಟಾಕಾ. ಕೇಂದ್ರದ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ, ಅದರಲ್ಲಿ ಎಲ್ಲ ರಾಜ್ಯಗಳನ್ನೂ ಕಟ್ಟಿಹಾಕುವ ತಳಮಟ್ಟದ ವೇತನಕ್ಕೆ ಅವಕಾಶವಿದೆ. ಅದು ಗಟ್ಟಿಯಾಗಿ ನಿಂತ ಮೇಲೆ ಒಂದು ರಾಜ್ಯ ಜಿಗಿದರೆ ಅಪಾಯ ಕಡಿಮೆ, ಮೊದಲೇ ಜಿಗಿದರೆ ಹೆಚ್ಚು.

ನ್ಯೂಜೆರ್ಸಿ, ಜರ್ಮನಿಯ ಉದಾಹರಣೆ ತರುವವರು ಪ್ರಮಾಣ ಮರೆಯುತ್ತಾರೆ. ನ್ಯೂಜೆರ್ಸಿಯ ಏರಿಕೆ ಶೇ 19. ಜರ್ಮನಿಯ 8.50 ಯೂರೊ ಆ ದೇಶದ ನಡುಮಟ್ಟದ ಕೂಲಿಯ ಅರ್ಧದ ಆಸುಪಾಸು. ನಮ್ಮಲ್ಲಿ? ಕೇಂದ್ರ ಸರ್ಕಾರದ 2023–24ರ ಉದ್ಯೋಗ ಸಮೀಕ್ಷೆಯಂತೆ (ಪಿಎಲ್‌ಎಫ್‌ಎಸ್) ದೇಶದ ಕಾಯಂ ಸಂಬಳದಾರರ ಸರಾಸರಿ ತಿಂಗಳ ಗಳಿಕೆಯೇ 20–21 ಸಾವಿರ. ಅಂದರೆ ಅಕುಶಲರ ಕನಿಷ್ಠವನ್ನು ದೇಶದ ಸರಾಸರಿಯ ಹತ್ತಿರಕ್ಕೆ ಒಯ್ಯುವ ಪ್ರಯೋಗ ಇದು. ಅಮೆರಿಕದ ಸಿಯಾಟಲ್ ನಗರ 13 ಡಾಲರಿಗೆ ಏರಿಸಿದಾಗ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2017ರಲ್ಲಿ ಕಂಡದ್ದು ಕಡಿಮೆ ಕೂಲಿಯವರ ದುಡಿಮೆಯ ಗಂಟೆಗಳು ಸುಮಾರು ಶೇ 9ರಷ್ಟು ಇಳಿದದ್ದನ್ನು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರ ಅಧ್ಯಯನ ಅದನ್ನು ಒಪ್ಪಲಿಲ್ಲ, ನಿಜ. ಆದರೆ ನೋಡಬೇಕಾದದ್ದು ಕೆಲಸದ ಸಂಖ್ಯೆಯನ್ನಷ್ಟೇ ಅಲ್ಲ ಎಂಬ ಮಾತು ಉಳಿಯುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಸಿಯಾಟಲ್‌ವರೆಗೆ ಹೋಗಬೇಕಿಲ್ಲ, ದಕ್ಷಿಣ ಕನ್ನಡದ ಬೀಡಿ ಬ್ರಾಂಚಿಗೆ, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಡೆಗೆ, ಹೋದರೆ ಸಾಕು. ಅಲ್ಲಿ ಕೂಲಿ ಸಾವಿರ ಬೀಡಿಗೆ ಇಂತಿಷ್ಟು. ದರ ಏರಿಸಬಹುದು, ವಾರಕ್ಕೆ ಎಷ್ಟು ದಿನ ಎಲೆ, ಹೊಗೆಸೊಪ್ಪು ಕೊಡಬೇಕೆಂದು ಅಧಿಸೂಚನೆ ಹೇಳುವುದಿಲ್ಲ. ಆರು ದಿನದ ಕೆಲಸ ನಾಲ್ಕಕ್ಕೆ ಇಳಿಯುತ್ತದೆ. ಎಲೆ ತೂಕದಲ್ಲಿ ಕಡಿಮೆ ಬಂದರೆ, ಹರಿದದ್ದು ಹೆಚ್ಚಿದ್ದರೆ ಹೆಂಗಸರು ಕೈಯಿಂದ ಹಣ ಹಾಕಿ ಎಲೆ ತಂದು ಲೆಕ್ಕ ತುಂಬಿಸುತ್ತಾರೆ. ಸರಿಯಿಲ್ಲವೆಂದು ಬದಿಗೆ ತೆಗೆಯುವ ಬೀಡಿಯೂ ಹೆಚ್ಚುತ್ತದೆ. ದರ ಏರಿತು, ವಾರದ ಕೊನೆಗೆ ಕೈಗೆ ಬಂದದ್ದು ಅಷ್ಟೇ. ಗಾರ್ಮೆಂಟ್ಸ್‌ನಲ್ಲಿ ಇದರ ರೂಪ ಬೇರೆ: ಗಂಟೆಯ ಟಾರ್ಗೆಟ್ ಏರುತ್ತದೆ, ಹೆಲ್ಪರ್‌ಗಳನ್ನು ಕಿತ್ತು ಅವರ ಕೆಲಸವನ್ನೂ ಟೈಲರಿಗೆ ಹಚ್ಚುತ್ತಾರೆ, ವ್ಯಾನಿಗೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ, ಕುಶಲರನ್ನು ಪುಸ್ತಕದಲ್ಲಿ ಅರೆಕುಶಲ ಎಂದು ಬರೆಯುತ್ತಾರೆ. ಇನ್ನೂ ಕೆಳಗಿನ ಹಂತದಲ್ಲಿ ಬ್ಯಾಂಕಿಗೆ ಪೂರ್ತಿ ಹಾಕಿ, ಒಂದು ಪಾಲನ್ನು ನಗದಾಗಿ ವಾಪಸ್ ಕೇಳುವ ಗುತ್ತಿಗೆದಾರರಿದ್ದಾರೆ. ಅಂತರ ಹೆಚ್ಚಿದಷ್ಟೂ ವಂಚನೆಯ ಲಾಭ ಹೆಚ್ಚು.

ಹೆಚ್ಚು ಚರ್ಚೆಯಾಗದ ವಿಷಯ ಇ.ಎಸ್.ಐ. 2017ರಲ್ಲಿ ಗೊತ್ತುಮಾಡಿದ ಮಿತಿ ತಿಂಗಳಿಗೆ 21,000 ರೂಪಾಯಿ, ಸಂಬಳ ಅದನ್ನು ದಾಟಿದವರಿಗೆ ಇ.ಎಸ್.ಐ. ಇಲ್ಲ. ಕರಡಿನ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ: ಎರಡನೇ ವಲಯದ ಅಕುಶಲ ಕಾರ್ಮಿಕ 251 ರೂಪಾಯಿ ಹೆಚ್ಚಾಗಿ ಹೊರಬೀಳುತ್ತಾನೆ. ವರ್ಗದಿಂದ ವರ್ಗಕ್ಕೆ ಶೇ 10ರ ಅಂತರ ಇಟ್ಟಿರುವುದರಿಂದ ಮೂರನೇ ವಲಯದ ಅರೆಕುಶಲರಿಗೂ ಅದೇ 21,251. ಬೆಂಗಳೂರಿನಲ್ಲಂತೂ ಒಬ್ಬರೂ ಒಳಗಿಲ್ಲ. ಈಗಾಗಲೇ ವಂತಿಗೆ ಕಟ್ಟುತ್ತಿರುವವರು ಸೆಪ್ಟೆಂಬರ್ ಇಲ್ಲವೇ ಮಾರ್ಚ್ ಕೊನೆಗೆ ಮುಗಿಯುವ ವಂತಿಗೆ ಅವಧಿಯವರೆಗೆ ಉಳಿಯುತ್ತಾರೆ, ಆಮೇಲೆ ಇಲ್ಲ. ಸಂಸಾರದ ಚಿಕಿತ್ಸೆ, ಕಾಯಿಲೆ ರಜೆಯ ಭತ್ಯೆ ಎರಡೂ ಹೋಗುತ್ತವೆ. ಹೆರಿಗೆಯ 26 ವಾರದ ಸಂಬಳ ಇ.ಎಸ್.ಐ.ನಿಂದ ಕಳಚಿ ನೇರವಾಗಿ ಮಾಲೀಕರ ತಲೆಗೆ ಬರುತ್ತದೆ. ಹೆಂಗಸರೇ ಹೆಚ್ಚಿರುವ ಉದ್ದಿಮೆಯಲ್ಲಿ, ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗ ಮ್ಯಾನೇಜರ್ ಏನು ಯೋಚಿಸುತ್ತಾನೆಂದು ಬಿಡಿಸಿ ಹೇಳಬೇಕಿಲ್ಲ.

ಗ್ರ್ಯಾಚುಟಿಯೂ ಹಾಗೆಯೇ. ಕೊನೆಯ ಸಂಬಳದ 26ರಲ್ಲಿ 15 ಭಾಗವನ್ನು ಸೇವೆಯ ವರ್ಷಗಳಿಂದ ಗುಣಿಸುವುದು ಅದರ ಸೂತ್ರ. ಹತ್ತು ವರ್ಷ ದುಡಿದವರಿಗೆ 14,000 ಸಂಬಳದಲ್ಲಿ 80,769 ರೂಪಾಯಿ, 23,376ರಲ್ಲಿ 1,34,862. ಹೊಸ ದರ ಹಿಂದಿನ ಹತ್ತೂ ವರ್ಷಕ್ಕೆ ಅನ್ವಯ. ಇಂಥ ಐನೂರು ಜನರಿರುವ ಕಾರ್ಖಾನೆಯ ಪುಸ್ತಕದಲ್ಲಿ ಒಂದೇ ದಿನ 2.7 ಕೋಟಿ ಹೊಣೆ ಏರುತ್ತದೆ. ಒಂದು ಶರ್ಟೂ ಹೆಚ್ಚು ಹೊಲಿದಿರುವುದಿಲ್ಲ.

2020ರ ತುಟ್ಟಿಭತ್ಯೆಯ ಪ್ರಕರಣ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಜಾರಿಯ ಸೋಲು. 417 ರೂಪಾಯಿ ಕೊಡಿಸಲಾಗದ ವ್ಯವಸ್ಥೆ ಐದಾರು ಸಾವಿರ ಕೊಡಿಸುತ್ತದೆ ಎಂಬ ನಂಬಿಕೆಗೆ ಆಧಾರವೇನು? ಮೊದಲು ಇ.ಎಸ್.ಐ. ಮಿತಿ ಏರಲಿ, ಅದು ಕೇಂದ್ರದ ಕೈಯಲ್ಲಿದೆ, ರಾಜ್ಯ ಪಟ್ಟು ಹಿಡಿದು ಕೇಳಲಿ. ಮೂರು ವರ್ಷದ ಏರಿಕೆಯನ್ನು ಒಂದೇ ಅಧಿಸೂಚನೆಯಲ್ಲಿ ಬರೆದು, ಮೂರೂ ಏಪ್ರಿಲ್ 1ರ ಅಂಕಿಗಳನ್ನು ಈಗಲೇ ಮುದ್ರಿಸಿಬಿಡಲಿ. ಕಾರ್ಖಾನೆಯವರು ಮುಂದಿನ ಸೀಸನ್ನಿನ ಕಾಸ್ಟಿಂಗ್ ಶೀಟಿಗೆ ಆ ಅಂಕಿಯನ್ನೇ ಹಾಕಿ ಬ್ರ್ಯಾಂಡಿನ ಮುಂದೆ ಇಡಬಹುದು. ಬೀಡಿ, ಅಗರಬತ್ತಿಯಂಥ ಕೆಲಸಕ್ಕೆ ದರದ ಜೊತೆಗೆ ವಾರಕ್ಕೆ ಇಷ್ಟು ದಿನದ ಕಚ್ಚಾ ಮಾಲು ಎಂಬ ಷರತ್ತನ್ನೂ ಸೇರಿಸಬೇಕು.