ಅಕ್ಕನ ಎಲೆಗೆ ಮೂರನೇ ಹೋಳಿಗೆ

ನಮ್ಮ ಕಡೆ ಒಂದು ಮನೆಯಿದೆ. ಹೊಲ ಎಂಟು ಎಕರೆ, ಮನಸ್ಸು ಅದಕ್ಕಿಂತ ದೊಡ್ಡದು ಅಂತ ಹೆಸರು. ಪೇಪರ್ ಹಾಕೋ ಹುಡುಗನಿಗೂ ಮಜ್ಜಿಗೆ ಕೊಡದೆ ಕಳಿಸಿದವರಲ್ಲ. ಈ ಸಲ ಗೌರಿ ಹಬ್ಬಕ್ಕೆ ನಾನೂ ಉಂಡು ಬಂದೆ.

ಅವತ್ತಿನ ದೊಡ್ಡ ಅತಿಥಿ ಆ ಮನೆಯ ಮಗಳು. ಅಕ್ಕ ಬಸ್ಸಿಳಿದರೆ ಬೈಕು ಕಳಿಸಲೂ ಮರೆಯುತ್ತಿದ್ದ ತಮ್ಮ, ಈ ಸಲ ಕಾರು ಮಾಡಿಕೊಂಡು ಹೋಗಿ ಕರೆತಂದಿದ್ದ. ತಮ್ಮನ ಹೆಂಡತಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. "ಸಾಕು ಅನ್ನಬಾರದು ಅತ್ತಿಗೆ" ಎಂದು ಮೂರನೇ ಹೋಳಿಗೆ ಹಾಕಿಯೇ ಬಿಟ್ಟಳು.

ಅಪ್ಪ ತೀರಿಕೊಂಡು ವರ್ಷವಾಯಿತು. ಪಹಣಿಯಲ್ಲಿ ಇನ್ನೂ ಅವರದೇ ಹೆಸರು. ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಿಸೋ ಪೌತಿ ಖಾತೆಗೆ ವಂಶವೃಕ್ಷ ಬೇಕು. ಆ ಮರದಲ್ಲಿ ಇನ್ನೊಂದು ಕೊಂಬೆಯೂ ಇದೆ ಅಂತ ಆಗಲೇ ನೆನಪಾಗಿದ್ದು.

ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂದಿತು, ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. 2005ರಲ್ಲಿ ದೆಹಲಿಯವರು ಆ ಬೇಲಿಯನ್ನೂ ಕಿತ್ತರು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟೆಲ್ಲ ಆಗಿದ್ದಕ್ಕೆ ನಮ್ಮಲ್ಲೂ ಸುಧಾರಣೆ ಆಗಿದೆ. ಮೊದಲು ಹೆಣ್ಣುಮಕ್ಕಳನ್ನು ಕೇಳುತ್ತಲೇ ಇರಲಿಲ್ಲ. ಈಗ ಸೀರೆ ಕೊಟ್ಟು ಕೇಳುತ್ತಾರೆ.

ಸೀರೆ ಬಾಗಿನದ ಮೊರದ ಪಕ್ಕದಲ್ಲೇ ಇತ್ತು. ಬೆಲೆ ಚೀಟಿ ಬೇಕಂತಲೇ ಕಿತ್ತಿರಲಿಲ್ಲ. ಮಡಿಕೆಯೊಳಗಿಂದ ಛಾಪಾ ಕಾಗದದ ಅಂಚು ಇಣುಕುತ್ತಿತ್ತು. ಹಕ್ಕು ಬಿಡುಗಡೆ ಪತ್ರ. 'ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ' ಅಂತ ಟೈಪ್ ಕೂಡ ಆಗಿತ್ತು. ಅಕ್ಕನ ಸಂತೋಷ ಅವಳಿಗಿಂತ ಮೊದಲು ಟೈಪಿಸ್ಟಿಗೆ ಗೊತ್ತಾಗಿತ್ತು ಪಾಪ.

"ನಾಡಿದ್ದು ರಿಜಿಸ್ಟ್ರಾರ್ ಆಫೀಸಿಗೆ ಹೋಗಿಬರೋಣ ಅಕ್ಕ, ಕಾರಿದೆ. ಈಗ ಸುಮ್ನೆ ಇಲ್ಲೊಂದು ಸಹಿ" ಅಂದ ತಮ್ಮ.

ಒಳಗಿಂದ ಅವ್ವ ದನಿಗೂಡಿಸಿದಳು. "ಹಾಕ್ಬಿಡೇ ಮಗಳೇ. ತವರಿನ ಬಾಗಿಲು ತೆರೆದಿರುತ್ತೆ."

ಪೇಪರ್ ಹುಡುಗನಿಗೆ ಬರೀ ಸೈಕಲ್ ಬೆಲ್ಲಿಗೇ ತೆರೆಯುವ ಬಾಗಿಲು ಅದು. ಮಗಳಿಗೆ ಮಾತ್ರ ಎರಡು ಸಾಕ್ಷಿ ಬೇಕು. ನಾನಿರುವುದನ್ನು ನೋಡಿ ತಮ್ಮನ ಮುಖ ಅರಳಿತು. ನನ್ನನ್ನು ಊಟಕ್ಕೆ ಯಾಕೆ ಕರೆದರು ಅಂತ ಆಗ ಹೊಳೆಯಿತು.

ಅಕ್ಕ ಎಲೆ ಬಿಟ್ಟೆದ್ದು ಕೈ ತೊಳೆದು, ಸೆರಗಿನಲ್ಲಿ ನಿಧಾನಕ್ಕೆ ಒರೆಸಿಕೊಂಡಳು. "ಕನ್ನಡಕ ಊರಲ್ಲೇ ಬಿಟ್ಟು ಬಂದಿದ್ದೀನಿ ಕಣೋ. ಮಗಳು ಲಾ ಓದ್ತಿದ್ದಾಳಲ್ಲ, ಅವಳ ಹತ್ರ ಓದಿಸ್ಕೊಂಡು ಹೇಳ್ತೀನಿ."

ಸಂಜೆ ಅವಳು ಬಸ್‌ಸ್ಟಾಪಿಗೆ ನಡೆದೇ ಹೋದಳು. ಕಾರಿಗೆ ಏನೋ ರಿಪೇರಿಯಂತೆ.