ಸ್ನೋಫ್ಲೇಕ್ ನಂಬರ್ 14

ನವೆಂಬರ್ ಕೊನೆ ವಾರ ಮಗಳ ಶಾಲೆಯಿಂದ ಸರ್ಕ್ಯುಲರ್ ಬಂತು. ಈ ಸಲದ ಆ್ಯನ್ಯುಯಲ್ ಡೇ ಥೀಮ್ ‘ವಿಂಟರ್ ವಂಡರ್‌ಲ್ಯಾಂಡ್’. ಮೂರನೇ ಕ್ಲಾಸಿನ ಬಿ ಸೆಕ್ಷನ್ನಿನವರೆಲ್ಲ ಸ್ನೋಫ್ಲೇಕ್. ನಮ್ಮವಳು ಸ್ನೋಫ್ಲೇಕ್ ನಂಬರ್ 14. ಬಿಳಿ ತುಪ್ಪಳದ ಕೋಟು, ಬಿಳಿ ಟೋಪಿ, ಬಿಳಿ ಗ್ಲೌಸು ಸೇರಿ 2,200 ರೂಪಾಯಿ. ದುಡ್ಡು ವಾಪಸ್ ಕೊಡುವುದಿಲ್ಲ, ಕೋಟನ್ನು ಮಾತ್ರ ವಾಪಸ್ ಕೊಡಬೇಕು. ಬಿಳಿ ಶೂ ನೀವೇ ತನ್ನಿ.

ಅಮ್ಮನಿಗೆ ಓದಿ ಹೇಳಿದೆ.

‘ಸ್ನೋಫ್ಲೇಕ್ ಅಂದ್ರೆ ಏನೋ?’

‘ಮಂಜು ಕಣಮ್ಮ.’

‘ಯಾವ ಮಂಜು? ಹಾಲಿನ ಮಂಜುನಾ?’

ಅಮ್ಮನದೇನೂ ತಪ್ಪಿಲ್ಲ. ನಂದಿ ಬೆಟ್ಟದ ಮೇಲೆ ಬೆಳಗ್ಗೆ ಕೂರುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು, ಆರು ಗಂಟೆಗೆ ಗೇಟಿಗೆ ಪ್ಯಾಕೆಟ್ ನೇತುಹಾಕಿ ಹೋಗುವವನೂ ಮಂಜು. ಮೂರರಲ್ಲಿ ನಮ್ಮ ಕೆಲಸಕ್ಕೆ ಬಂದಿದ್ದು ಕೊನೆಯವನೊಬ್ಬನೇ. ಉಳಿದದ್ದಕ್ಕೆಲ್ಲ ಬೇರೆ ಬೇರೆ ಹೆಸರಿಡುವ ತಾಪತ್ರಯ ನಮ್ಮ ಹಿರಿಯರಿಗೆ ಯಾಕೆ ಬೇಕಿತ್ತು? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ. ಅದೂ 1884ರ ಜನವರಿ 13ರಂದು. ನೀರು ಹೆಪ್ಪುಗಟ್ಟಲು ಇನ್ನೂ ಸುಮಾರು ಎಂಟು ಡಿಗ್ರಿ ಇಳಿಯಬೇಕಿತ್ತು, ಇಳಿಯಲಿಲ್ಲ, ಅಲ್ಲಿಂದ ಇಲ್ಲಿಯವರೆಗೆ ಆ ಕಡೆ ತಿರುಗಿಯೂ ನೋಡಲಿಲ್ಲ. ಡಿಸೆಂಬರ್ ರಾತ್ರಿ ಅಂದರೆ ಇಲ್ಲಿ 16ರ ಆಸುಪಾಸು. (ಆ 16ಕ್ಕೇ ನಾನು ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋಗುತ್ತೇನೆ. ಆ ವಿಷಯ ಇಲ್ಲಿ ಬೇಡ.)

ಚಳಿಗಾಲ ಅಂತ ನಮಗೂ ಒಂದಿದೆ ಸ್ವಾಮಿ. ಸೊಗಡಿನ ಅವರೆಕಾಯಿ ಬರುತ್ತದೆ. ಮನೆಮಂದಿಯೆಲ್ಲ ಟಿವಿ ಮುಂದೆ ಪೇಪರ್ ಹಾಸಿಕೊಂಡು ಕಾಳು ಹಿಚುಕುತ್ತಾರೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಆಗುತ್ತದೆ. ಏರ್‌ಪೋರ್ಟಿನಲ್ಲಿ ಮಂಜು ಮುಸುಕಿ ವಿಮಾನ ಲೇಟಾಗುತ್ತವೆ. ಹುಲ್ಲಿನ ಮೇಲೆ ಇಬ್ಬನಿ ಕೂತಿರುತ್ತದೆ. ಮಗಳನ್ನು ಕೇಳಿದೆ, ‘ಇಬ್ಬನಿ ಅಂದ್ರೆ ಏನು ಪುಟ್ಟ?’ ‘ನಮ್ಮ ಕ್ಲಾಸಲ್ಲಿ ಇಬ್ಬನಿ ಅಂತ ಯಾರೂ ಇಲ್ಲ’ ಅಂದಳು. ಸ್ನೋಫ್ಲೇಕಿಗೆ ಆರು ಮೂಲೆ ಇರುತ್ತೆ ಅನ್ನುವುದು ಮಾತ್ರ ಗೊತ್ತು. ಚೆನ್ನಾಗೇ ಗೊತ್ತು.

ನಿಜವಾದ ಹಿಮದ ಜೊತೆ ನಮ್ಮ ಮನೆಯಲ್ಲಿ ಬದುಕುತ್ತಿರುವವಳು ಅಕ್ಕ ಒಬ್ಬಳೇ. ಬಾಸ್ಟನ್ ಹತ್ತಿರ ಇದ್ದಾಳೆ. 2014–15ರ ಚಳಿಗಾಲದಲ್ಲಿ ಆ ಊರಿನಲ್ಲಿ 110.6 ಇಂಚು ಹಿಮ ಬಿತ್ತು. ಒಂಬತ್ತು ಅಡಿಗೂ ಜಾಸ್ತಿ. ಆಗ ಅವಳು ಫೋನಿನಲ್ಲಿ ಮಾತಾಡಿದ್ದೆಲ್ಲ ಸಲಿಕೆ ವಿಷಯವೇ. ಅಲ್ಲಿ ರಾತ್ರಿ ಜೋರಾಗಿ ಹಿಮ ಬಿದ್ದರೆ ಬೆಳಕು ಹರಿಯುವ ಮೊದಲೇ ಶಾಲೆಯಿಂದ ಫೋನ್ ಬರುತ್ತದಂತೆ. ಇವತ್ತು ಸ್ನೋ ಡೇ, ಮಲಗಿ. ಅದು ಬರಲಿ ಅಂತ ಮಕ್ಕಳು ಹಿಂದಿನ ರಾತ್ರಿ ಪೈಜಾಮಾ ಉಲ್ಟಾ ಹಾಕಿಕೊಳ್ಳುತ್ತಾರೆ, ದಿಂಬಿನ ಕೆಳಗೆ ಚಮಚ ಇಟ್ಟುಕೊಳ್ಳುತ್ತಾರೆ, ಐಸ್ ತುಂಡನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡುತ್ತಾರೆ. ಕೇಳಿ ನಗು ಬಂತು. ಆಮೇಲೆ ನಮ್ಮೂರಲ್ಲಿ ಮಳೆಗೆ ಕಪ್ಪೆ ಮದುವೆ ಮಾಡಿಸಿ ಛತ್ರದಲ್ಲಿ ಊಟ ಹಾಕಿಸಿದ್ದು ನೆನಪಾಗಿ ಸುಮ್ಮನಾದೆ. ರಜೆಯೇನೂ ಬಿಟ್ಟಿಯಲ್ಲ, ವರ್ಷಕ್ಕೆ 180 ದಿನ ಶಾಲೆ ನಡೆಯಲೇಬೇಕು ಅಂತ ಆ ರಾಜ್ಯದ ನಿಯಮ. ಫೆಬ್ರವರಿಯಲ್ಲಿ ಹಿಮದಲ್ಲಿ ಉರುಳಾಡಿದ ಸಾಲವನ್ನು ಜೂನ್ ಬಿಸಿಲಲ್ಲಿ ಕೂತು ತೀರಿಸಬೇಕು.

ನಮಗೆ ಸ್ನೋ ಡೇ ಇಲ್ಲ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದೆ. ಅದು ಕುಸಿದರೆ ಇಲ್ಲಿ ಮೂರು ದಿನ ಜಿಟಿಜಿಟಿ. ಆಗ ರಾತ್ರಿ ಹತ್ತಕ್ಕೆ ಪೇರೆಂಟ್ಸ್ ಗ್ರೂಪಿನಲ್ಲಿ ಶುರುವಾಗುತ್ತದೆ. ನಾಳೆ ರಜೆನಾ? ಡಿಸಿ ಆರ್ಡರ್ ಬಂತಾ? ಹತ್ತೂವರೆಗೆ ಯಾರೋ ಒಂದು ಆರ್ಡರ್ ಹಾಕುತ್ತಾರೆ, ಸೀಲು ಸಹಿ ಎಲ್ಲ ಇರುತ್ತದೆ, ಇಪ್ಪತ್ತು ಜನ ಕೈಮುಗಿಯುತ್ತಾರೆ. ಹನ್ನೊಂದಕ್ಕೆ ಅದು ಹೋದ ವರ್ಷದ್ದು ಅಂತ ಗೊತ್ತಾಗುತ್ತದೆ. ಇನ್ನೊಂದು ಬರುತ್ತದೆ, ಅದು ಕೋಲಾರದ್ದು. ಬೆಳಗ್ಗೆ 7.10ಕ್ಕೆ ವ್ಯಾನ್ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತದೆ. 7.40ಕ್ಕೆ ನಿಜವಾದ ಆರ್ಡರ್ ಬರುತ್ತದೆ. ಒಂಬತ್ತೂವರೆಗೆ ಮಗು ರೇನ್‌ಕೋಟಿನಲ್ಲಿ ತೊಟತೊಟ ಅನ್ನುತ್ತಾ ವಾಪಸ್. ಅಷ್ಟು ಹೊತ್ತು ರಸ್ತೆಯಲ್ಲಿ ನೆನೆದಿದ್ದಕ್ಕೆ ಶನಿವಾರ ಫುಲ್ ಡೇ ಕ್ಲಾಸು.

ಈ ಸಲ ಒಂದು ಸುಧಾರಣೆ ಆಯಿತು. ರಜೆ ಸುದ್ದಿಯ ಹಿಂದೆಯೇ ಶಾಲೆಯಿಂದ ಇನ್ನೊಂದು ಮೆಸೇಜ್: ‘ಇಂದು ತರಗತಿಗಳು ಇರುವುದಿಲ್ಲ. ಆ್ಯನ್ಯುಯಲ್ ಡೇ ರಿಹರ್ಸಲ್ ಇರುತ್ತದೆ.’ ಓದಲು ಬರುವ ಮಕ್ಕಳನ್ನು ಮಳೆ ಹಿಡಿಯುತ್ತದೆ, ಕುಣಿಯಲು ಬರುವವರನ್ನು ಬಿಡುತ್ತದೆ. ಹಾಗಾಗಿ ಬೆಂಗಳೂರಿನ ಆ ಸೋಮವಾರ, ಮಂಡಿಯುದ್ದ ನೀರು ನಿಂತ ರಸ್ತೆಯಲ್ಲಿ, ಹಿಮ ಬೀಳುವುದನ್ನು ಪ್ರಾಕ್ಟೀಸ್ ಮಾಡಲು 38 ಮಕ್ಕಳು ಛತ್ರಿ ಹಿಡಿದು ಹೋದರು. ನಮ್ಮವಳಿಗೆ ಶೀತ ಆಯಿತು. ‘ಒಳ್ಳೇದೇ ಆಯ್ತು, ಪಾತ್ರಕ್ಕೆ ಸರಿಯಾಗಿ ಮೂಗು ಸೋರುತ್ತೆ’ ಅಂದರು ಅಮ್ಮ.

ಕಾರ್ಯಕ್ರಮ ಕ್ರಿಸ್‌ಮಸ್ ಹಿಂದಿನ ಶನಿವಾರ, ಕೋರಮಂಗಲ ಕಡೆ ಒಂದು ಆಡಿಟೋರಿಯಂ. ನಾಲ್ಕು ಗಂಟೆಗೆ ಶುರು, ಮಕ್ಕಳು ಹತ್ತಕ್ಕೇ ಹಾಜರಿರಬೇಕು. ಟಿಕೆಟ್ ಅಗ್ಗ ಅಂತ ಅಕ್ಕ ನಾಲ್ಕು ದಿನ ಮುಂಚೆಯೇ ಮಗನನ್ನು ಕಟ್ಟಿಕೊಂಡು ಬಂದಿಳಿದಿದ್ದಳು. ಹುಡುಗನಿಗೆ ಎಂಟು ವರ್ಷ. ಅಲ್ಲಿ ಕಾರಿನ ಮೇಲಿನ ಹಿಮ ಕೆರೆದು ಬಂದವನಿಗೆ ಇಲ್ಲಿನ ಬಿಸಿಲು ಕಂಡು ಸ್ವರ್ಗ ಸಿಕ್ಕ ಹಾಗಾಗಿತ್ತು, ಚಡ್ಡಿ ಬನಿಯನ್ನಿನಲ್ಲಿ ಟೆರೇಸ್ ಬಿಟ್ಟು ಇಳಿಯುತ್ತಿರಲಿಲ್ಲ. ಅವನನ್ನು ಎಳೆದುಕೊಂಡು ಹೋಗಿ ಕತ್ತಲೆ ಹಾಲಿನಲ್ಲಿ ಕೂರಿಸಿ ಹಿಮ ತೋರಿಸಿದೆವು.

ಹೊರಗೆ 27 ಡಿಗ್ರಿ. ಸ್ಟೇಜಿನ ಲೈಟುಗಳ ಕೆಳಗೆ ಎಷ್ಟೋ, ಯಾರು ಅಳೆಯುತ್ತಾರೆ. ಥರ್ಮೋಕೋಲಿನ ಇಗ್ಲೂ, ಹತ್ತಿಯ ಬೆಟ್ಟ, ಹಿಂದೆ ಎಲ್‌ಇಡಿ ಪರದೆಯ ಮೇಲೆ ಯಾವುದೋ ಪೈನ್ ಕಾಡು. ಚೀಫ್ ಗೆಸ್ಟ್ ಅವರು ಸಿಲ್ಕ್ ಬೋರ್ಡ್ ದಾಟುವವರೆಗೆ ಕಾಯಬೇಕಾಗಿದ್ದರಿಂದ ಐದೂಕಾಲಿಗೆ ದೀಪ ಹಚ್ಚಿದರು. ‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಅಂದರು. ಇಂದಿನ ಮಕ್ಕಳು ಸೈಡ್ ವಿಂಗಿನಲ್ಲಿ ತುಪ್ಪಳದ ಕೋಟಿನೊಳಗೆ ಬೇಯುತ್ತಿದ್ದರು. ಶಾಲೆಯ ರಿಪೋರ್ಟು ಓದಿದರು. ಕಳೆದ ವರ್ಷದ ರ‍್ಯಾಂಕು, ಹೊಸ ಈಜುಕೊಳ, ಮುಂದಿನ ವರ್ಷದ ಫೀಸು ಹೆಚ್ಚಿಸಲು ‘ಪೋಷಕರ ಸಹಕಾರ’. ಚಪ್ಪಾಳೆ.

ಆಮೇಲೆ ಪೆಂಗ್ವಿನ್‌ಗಳು ಬಂದವು. ಪೆಂಗ್ವಿನ್‌ಗಳ ಕೈ ಹಿಡಿದುಕೊಂಡು ಪೋಲಾರ್ ಕರಡಿಗಳು ಬಂದವು. ಒಂದು ದಕ್ಷಿಣ ಧ್ರುವದ ಕಡೆಯದು, ಇನ್ನೊಂದು ಉತ್ತರದ್ದು, ಭೂಮಿ ಹುಟ್ಟಿದಾಗಿನಿಂದ ಎರಡೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದೆ. ‘ಸುಮ್ನೆ ನೋಡ್ರೀ’ ಅಂದಳು. ನೋಡೋಣ ಅಂದರೆ ಮುಂದಿನ ಸಾಲಿನವರೆಲ್ಲ ಫೋನು ಎತ್ತಿ ಹಿಡಿದಿದ್ದರು. ಒಬ್ಬರು ಟ್ಯಾಬ್ ಎತ್ತಿದ್ದರು, ಅದೂ ಕವರ್ ಬಿಚ್ಚಿಕೊಂಡು, ಕೊಡೆ ಹಿಡಿದ ಹಾಗೆ. ನನ್ನ ಮಗಳ ನೃತ್ಯವನ್ನು ನಾನು ಅವರ ಟ್ಯಾಬಿನಲ್ಲಿ ನೋಡಿದೆ. ಅವರು ಅದರಲ್ಲಿ ತಮ್ಮ ಮಗನನ್ನು ಜೂಮ್ ಮಾಡಿದ್ದರಿಂದ ನನಗೆ ಸಿಕ್ಕಿದ್ದು ಸ್ನೋಫ್ಲೇಕ್ 14ರ ಎಡಗೈ.

ಒಟ್ಟು ಎರಡು ನಿಮಿಷ ನಲವತ್ತು ಸೆಕೆಂಡು. ಅದರ ಕೊನೆಯ ಅರ್ಧ ನಿಮಿಷದಲ್ಲಿ ಪವಾಡ ನಡೆಯಿತು. ಮೇಲಿನಿಂದ ಹಿಮ ಬೀಳತೊಡಗಿತು. ಎರಡು ಮಷೀನು ತರಿಸಿದ್ದರು, ಬುಸ್ಸ್ ಅಂತ ಬಿಳಿ ಬಿಳಿ ಉಂಡೆಗಳು ಸ್ಟೇಜಿನ ಮೇಲೆ, ಮಕ್ಕಳ ಮೇಲೆ, ಚೀಫ್ ಗೆಸ್ಟ್ ಅವರ ಮೈಸೂರು ಪೇಟದ ಮೇಲೆ. ಹಾಲಿಗೆ ಹಾಲೇ ಹೋ ಅಂತು. ಇಬ್ಬರು ಪೆಂಗ್ವಿನ್‌ಗಳು ಜಾರಿ ಬಿದ್ದರು. ಅಕ್ಕನ ಮಗ ತೋಳಿನ ಮೇಲೆ ಬಿದ್ದ ಹಿಮವನ್ನು ಬೆರಳಿನಿಂದ ಮುಟ್ಟಿದ. ಮೂಸಿದ.

‘ಮಾಮಾ, ಇದು ಸೋಪು.’

ತಜ್ಞರ ಅಭಿಪ್ರಾಯ. ಮಷೀನಿಗೆ ಹಾಕುವುದು ನೀರು ಮತ್ತು ನೊರೆ ಬರಿಸುವ ದ್ರಾವಣ, ನಮ್ಮ ಪಾತ್ರೆ ಸೋಪಿನ ದೊಡ್ಡಪ್ಪನ ಮಗ.

ಹೊಸದೇನಲ್ಲ ನಮಗೆ. ನಾವಿರುವುದು ವರ್ತೂರು ಕಡೆ. ದೊಡ್ಡ ಮಗ ಐದು ವರ್ಷದವನಿದ್ದಾಗ, ಕೆರೆ ಕೋಡಿ ಪಕ್ಕ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ, ‘ಅಪ್ಪಾ ಸ್ನೋ! ಸ್ನೋ!’ ಅಂತ ಕಿರುಚಿದ್ದ. ನಿಜವಾಗಿಯೂ ಹಾಗೇ ಇತ್ತು. ಆಳೆತ್ತರದ ನೊರೆ ಕಾಲುವೆಯಿಂದ ಎದ್ದು, ಗಾಳಿಗೆ ಹಾರಿ, ರಸ್ತೆ ಮೇಲೆ, ಕಾರಿನ ಗಾಜಿನ ಮೇಲೆ, ಹೆಲ್ಮೆಟ್ಟಿನ ಮೇಲೆ. 2,200 ರೂಪಾಯಿ ಇಲ್ಲ, ಚೀಫ್ ಗೆಸ್ಟ್ ಇಲ್ಲ, ವರ್ಷದ ಯಾವ ತಿಂಗಳಾದರೂ ಷೋ. ವಾಸನೆ ಒಂದು ಬಿಟ್ಟರೆ ಸ್ವಿಟ್ಜರ್ಲೆಂಡ್. ಮೈಗೆ ತಾಗಿದರೆ ತುರಿಕೆ. ಊರಿನ ಚರಂಡಿ ನೀರು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಬಂದು, ಕೋಡಿಯಲ್ಲಿ ಧುಮುಕುವಾಗ ಅದರೊಳಗಿನ ಬಟ್ಟೆ ಸೋಪು, ಪಾತ್ರೆ ಸೋಪು, ಶಾಂಪೂ ಎಲ್ಲ ಕಡೆದು ಬೆಣ್ಣೆಯಾಗುತ್ತದೆ, ಅಷ್ಟೇ. ಆ ಕೆರೆ ಸುಮ್ಮನೆ ನೊರೆ ಮಾತ್ರ ಕೊಟ್ಟಿದ್ದಲ್ಲ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು, 2018ರ ಜನವರಿಯಲ್ಲಿ ಮತ್ತೆ ಬಿತ್ತು, ಆರಿಸಲು ಸೈನಿಕರು ಬಂದರು. ಕೆರೆಗೆ ಬೆಂಕಿ ಬಿದ್ದರೆ ನೀರು ಎಲ್ಲಿಂದ ತರಬೇಕು ಅನ್ನುವ ಪ್ರಶ್ನೆಯನ್ನು ನಮ್ಮ ಯಾವ ಗಾದೆಯೂ ಯೋಚಿಸಿಲ್ಲ.

ಸರ್ಕಾರ ಕೈಕಟ್ಟಿ ಕೂತಿತ್ತು ಅಂತ ಹೇಳಿದರೆ ನಾಲಿಗೆ ಸೇದೀತು. ನೊರೆ ರಸ್ತೆಗೆ ಬರದ ಹಾಗೆ ಕಾಲುವೆ ಪಕ್ಕ ಎತ್ತರಕ್ಕೆ ಬಲೆ ಕಟ್ಟಿದರು. ಸೊಳ್ಳೆಗೆ ಕಟ್ಟಿದ ಹಾಗೆ. ಮನೆಯಲ್ಲಿ ಹಾಲು ಉಕ್ಕಿದರೆ ನಾವು ಒಲೆ ಆರಿಸುತ್ತೇವೆ, ಇವರು ಅಡುಗೆಮನೆಗೆ ಬಾಗಿಲು ಹಾಕಿಸಿದರು. 2018ರ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ ದಂಡ ಹಾಕಿ, ಕೆಲಸಕ್ಕೆ ಅಂತ 500 ಕೋಟಿ ಬೇರೆ ತೆಗೆದಿಡಿ ಅಂದಿತು. ಆಮೇಲೆ ನೀರು ಬೇರೆ ಕಡೆ ತಿರುಗಿಸಿ ಹೂಳೆತ್ತುವುದು ಶುರುವಾಯಿತು. ಮೊದಲಿನಷ್ಟು ಇಲ್ಲ ಈಗ. ಜೋರು ಮಳೆ ಬಂದ ಮಾರನೇ ದಿನ ಮಾತ್ರ ಹಳೇ ಕಲಾವಿದರು ಮತ್ತೆ ಸ್ಟೇಜಿಗೆ ಬರುತ್ತಾರೆ.

ಆಡಿಟೋರಿಯಂಗೆ ವಾಪಸ್ ಬರೋಣ. ಕಾರ್ಯಕ್ರಮ ಮುಗಿದು, ಸ್ನೋಫ್ಲೇಕುಗಳ ಕೋಟು ಬಿಚ್ಚಿಸಿ ಎಣಿಸಿ ಒಪ್ಪಿಸಿ, ಗಂಟಲು ಒಣಗಿದ ಮಕ್ಕಳಿಗೆ ಒಂದೊಂದು ಫ್ರೂಟಿ ಕೊಟ್ಟು, ಪಾರ್ಕಿಂಗಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದಾಗ ಹೌಸ್‌ಕೀಪಿಂಗಿನ ಇಬ್ಬರು ಹೆಂಗಸರು ಪೈಪ್ ಹಿಡಿದು ಸ್ಟೇಜಿನ ಹಿಮ ತೊಳೆಯುತ್ತಿದ್ದರು. ಹಿಂಬಾಗಿಲಿನಿಂದ ನೊರೆ ಮೆಟ್ಟಿಲಿಳಿದು ಬಂತು, ಕಾಂಪೌಂಡ್ ದಾಟಿತು, ಮೋರಿಗೆ ಬಿತ್ತು. ಕೋರಮಂಗಲದ ಮೋರಿ ಹೋಗುವುದು ರಾಜಕಾಲುವೆಗೆ. ರಾಜಕಾಲುವೆ ಹೋಗುವುದು ಬೆಳ್ಳಂದೂರಿಗೆ. ಅಂದರೆ ನಾನು 2,200 ಕೊಟ್ಟು ನೋಡಿದ ಹಿಮ ನನಗಿಂತ ಮುಂಚೆ ನಮ್ಮನೆ ಕಡೆ ಹೊರಟಿತ್ತು. ಔಟರ್ ರಿಂಗ್ ರೋಡಿನ ಟ್ರಾಫಿಕ್ ನೋಡಿದರೆ ಅದೇ ಮೊದಲು ತಲುಪಿರಬೇಕು.

ಅಲ್ಲಿಗೂ ಅದರ ಪ್ರವಾಸ ಮುಗಿಯುವುದಿಲ್ಲ. ವರ್ತೂರಿನಿಂದ ದಕ್ಷಿಣ ಪಿನಾಕಿನಿ ಸೇರಿ ಗಡಿ ದಾಟಿ ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ಮತ್ತೊಮ್ಮೆ ನೊರೆಯಾಗಿ ಏಳುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಬೆಟ್ಟ ಹತ್ತಿಸಿ ಪಂಪ್ ಮಾಡಿ ತರುತ್ತೇವೆ, ಸೋಪು ಕಲಸುತ್ತೇವೆ, ತಮಿಳುನಾಡಿಗೆ ಕಳಿಸುತ್ತೇವೆ. ಕಾವೇರಿಯ ಒಂದೊಂದು ಹನಿಗೂ ಬಂದ್ ಮಾಡಿದ ಊರು ಇದು. ಈ ನೀರು ಬಿಡಬೇಡಿ ಅಂತ ಇದುವರೆಗೆ ಯಾರೂ ಟೈರ್ ಸುಟ್ಟಿಲ್ಲ.

ಅಕ್ಕನ ಮಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ. ಇಷ್ಟು ಚೆನ್ನಾಗಿರೋ ಬಿಸಿಲಲ್ಲಿ ಇವರೆಲ್ಲ ಯಾಕೆ ಹಿಮ ಅಂತ ಆಟ ಆಡ್ತಾರೆ? ಅವನ ಶಾಲೆಯಲ್ಲಿ ವಿಂಟರ್ ಕನ್ಸರ್ಟ್ ಅಂದರೆ ಜಿಮ್ ಹಾಲಿನಲ್ಲಿ ಬಿಳಿ ಶರ್ಟು ಹಾಕಿಕೊಂಡು ಮೂರು ಸಾಲಿನಲ್ಲಿ ನಿಂತು ನಾಲ್ಕು ಹಾಡು ಹೇಳುವುದಂತೆ, ಅಪ್ಪ ಅಮ್ಮ ಕಬ್ಬಿಣದ ಕುರ್ಚಿಯಲ್ಲಿ ಕೂತು ಕೇಳುವುದಂತೆ. ‘ಬರೀ ಶರ್ಟಾ?’ ಅಂತ ನನ್ನ ಹೆಂಡತಿ ಮರುಕದಿಂದ ಅವನ ತಲೆ ಸವರಿದಳು.

ಜನವರಿಯಲ್ಲಿ ಅವರು ವಾಪಸ್ ಹೋದರು, ಮಂಜು ಮುಸುಕಿ ವಿಮಾನ ಎರಡು ಗಂಟೆ ಲೇಟು. ಮಗಳು ಅವನಿಂದ ಕಲಿತ ವಿದ್ಯೆ ಬಿಟ್ಟಿಲ್ಲ. ಗಣಿತದ ಟೆಸ್ಟ್ ಹಿಂದಿನ ರಾತ್ರಿ ದಿಂಬಿನ ಕೆಳಗೆ ಚಮಚ ಇಟ್ಟುಕೊಂಡು ಮಲಗಿದ್ದಳು. ಮಳೆ ಬರಲಿಲ್ಲ. ಒಗ್ಗರಣೆ ಹಾಕಲು ಚಮಚ ಸಿಗದೆ ಅಮ್ಮ ಮನೆಯೆಲ್ಲ ಹುಡುಕಿದರು.

ನಿನ್ನೆ ಹೊಸ ಸರ್ಕ್ಯುಲರ್ ಬಂದಿದೆ. ಹೊಸ ಈಜುಕೊಳದ ಉದ್ಘಾಟನೆಗೆ ಮಕ್ಕಳಿಂದ ನೃತ್ಯರೂಪಕ, ಥೀಮ್ ‘ಸೇವ್ ಅವರ್ ಲೇಕ್ಸ್’. ಮಕ್ಕಳಿಗೆ ತುಂಬಾ ಇಷ್ಟವಾಗಿದ್ದರಿಂದ ಫೋಮ್ ಮಷೀನನ್ನು ಈ ಸಲವೂ ತರಿಸಲಾಗುವುದು. ನಮ್ಮವಳು ಮೀನು. ನಂಬರ್ ಇನ್ನೂ ಕೊಟ್ಟಿಲ್ಲ. ಕಾಸ್ಟ್ಯೂಮಿಗೆ 1,800.

ಅಮ್ಮ ಅವರೆಕಾಳು ಹಿಚುಕುತ್ತಾ ಎಲ್ಲ ಕೇಳಿಸಿಕೊಂಡರು.

‘ಈಜೋ ಮೀನಾ, ತೇಲೋ ಮೀನಾ? ಕೇಳ್ಕೊಂಡು ದುಡ್ಡು ಕಟ್ಟು’ ಅಂದರು.